ಪಟ್ಟಿ ಏರಿಳಿಯುವ ವೇಗ, ಹೆಸರು ಬದಲಾಗುವ ವೇಗ: ಬೆಂಗಳೂರಿನ ಕಾಲೇಜುಗಳ ಶ್ರೇಯಾಂಕವನ್ನು ಓದುವ ಬಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕ್ಯೂಎಸ್ ಜಾಗತಿಕ ವಿಶ್ವವಿದ್ಯಾಲಯ ಶ್ರೇಯಾಂಕದ 2023ರ ಆವೃತ್ತಿಯಲ್ಲಿ 155ನೇ ಸ್ಥಾನದಲ್ಲಿತ್ತು. ಭಾರತದ ಸಂಸ್ಥೆಗಳ ಪೈಕಿ ಅದೇ ಮೊದಲನೆಯದು. 2024ರ ಆವೃತ್ತಿ ಹೊರಬಂದಾಗ ಅದು 225ನೇ ಸ್ಥಾನಕ್ಕೆ ಇಳಿದಿತ್ತು. ಈ ಎರಡು ಆವೃತ್ತಿಗಳ ನಡುವಿನ ಹನ್ನೆರಡು ತಿಂಗಳಲ್ಲಿ ಸಂಸ್ಥೆಯ ಪ್ರಯೋಗಾಲಯಗಳು ಮುಚ್ಚಿರಲಿಲ್ಲ, ಪ್ರಾಧ್ಯಾಪಕರು ಗುಂಪುಗುಂಪಾಗಿ ಬಿಟ್ಟುಹೋಗಿರಲಿಲ್ಲ. ಅದೇ ಕಾಲದಲ್ಲಿ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ, ವಿಶ್ವವಿದ್ಯಾಲಯಗಳ ವಿಭಾಗದಲ್ಲಿ, 2016ರಿಂದ ಹಿಡಿದುಕೊಂಡಿದ್ದ ಮೊದಲ ಸ್ಥಾನವನ್ನು ಅದು ಉಳಿಸಿಕೊಂಡಿತ್ತು. ಬದಲಾದದ್ದು ಕ್ಯೂಎಸ್‌ನ ಅಳತೆಗೋಲು. ವಿದ್ವಾಂಸರ ಅಭಿಪ್ರಾಯಕ್ಕೆ ಇದ್ದ ಶೇ 40ರ ತೂಕವನ್ನು ಶೇ 30ಕ್ಕೆ ಇಳಿಸಿ, ಬೋಧಕ–ವಿದ್ಯಾರ್ಥಿ ಅನುಪಾತದ ಶೇ 20ರ ತೂಕವನ್ನು ಅರ್ಧಕ್ಕೆ ಕತ್ತರಿಸಿ, ಉದ್ಯೋಗದಾತರ ಅಭಿಪ್ರಾಯಕ್ಕೆ ಶೇ 10ರ ಬದಲು 15 ಕೊಟ್ಟು, ಸುಸ್ಥಿರತೆ, ಉದ್ಯೋಗ ಫಲಿತಾಂಶ, ಅಂತರರಾಷ್ಟ್ರೀಯ ಸಂಶೋಧನಾ ಜಾಲ ಎಂಬ ಮೂರು ಹೊಸ ಅಂಶಗಳಿಗೆ ತಲಾ ಶೇ 5ರಷ್ಟು ತೂಕ ಹಂಚಲಾಗಿತ್ತು. ಬಾಂಬೆ ಐಐಟಿ ಅದೇ ಬದಲಾವಣೆಯಲ್ಲಿ 172ರಿಂದ 149ಕ್ಕೆ ಏರಿತು.

ಶ್ರೇಯಾಂಕದ ಸುದ್ದಿಯನ್ನು ಓದುವಾಗ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ. ಮೊದಲನೆಯದು ಪಟ್ಟಿಯಲ್ಲಿನ ಸ್ಥಾನ; ಅದು ಪ್ರತಿ ವರ್ಷ ಬದಲಾಗಬಹುದು. ಎರಡನೆಯದು ಜನರ ಬಾಯಲ್ಲಿರುವ ಹೆಸರು. ಅದು ಒಂದು ತಲೆಮಾರಿನಷ್ಟು ಹಿಂದೆ ಉಳಿದಿರುತ್ತದೆ, ಏಕೆಂದರೆ ಇಂದು ಮಗಳಿಗೆ ಕಾಲೇಜು ಸೂಚಿಸುವ ಚಿಕ್ಕಪ್ಪನಿಗೆ ಗೊತ್ತಿರುವುದು ಆತ ಓದಿದ ಕಾಲದ ಕಾಲೇಜು. ಮೂರನೆಯದು ತರಗತಿಯಲ್ಲಿ ನಿಜವಾಗಿ ನಡೆಯುವ ಕಲಿಕೆ. ಇದು ಬಹುಮಟ್ಟಿಗೆ ಬೋಧಕರ ನೇಮಕಾತಿಯನ್ನು, ಬಂದವರು ಉಳಿಯುತ್ತಾರೆಯೇ ಎಂಬುದನ್ನು ಅವಲಂಬಿಸಿದೆ. ಒಳ್ಳೆಯ ಬೋಧಕರ ಒಂದು ತಂಡ ಕೂಡಿಬಂದರೆ ಅದರ ಫಲ ಹೆಸರಾಗಿ ಕಾಣಿಸಿಕೊಳ್ಳಲು ಹತ್ತು ಹದಿನೈದು ವರ್ಷ ಬೇಕು. ಆ ತಂಡ ನಿವೃತ್ತಿಯಾಗಿ ಜಾಗ ಖಾಲಿ ಉಳಿದರೂ ಹೆಸರು ಅಷ್ಟೇ ಕಾಲ ಬದುಕಿರುತ್ತದೆ. ಬೆಂಗಳೂರಿನ ಕಾಲೇಜುಗಳ ಏರಿಳಿತವನ್ನು ಈ ಮೂರನೆಯ ಸಂಗತಿಯನ್ನು ಬಿಟ್ಟು ವಿವರಿಸಲು ಸಾಧ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಚರ್ಚೆಗಳು ಮಾತ್ರ ಹೆಚ್ಚಾಗಿ ಮೊದಲ ಎರಡರಲ್ಲೇ ಮುಗಿದುಹೋಗುತ್ತವೆ.

ಸೆಂಟ್ರಲ್ ಕಾಲೇಜಿನ ಇತಿಹಾಸ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದ ಈ ಸಂಸ್ಥೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಓದಿದರು, ಸಿ. ರಾಜಗೋಪಾಲಾಚಾರಿ ಓದಿದರು. ಸರ್ ಸಿ.ವಿ. ರಾಮನ್ ತಮ್ಮ ಹೆಸರಿನಿಂದಲೇ ಪ್ರಸಿದ್ಧವಾದ ಬೆಳಕಿನ ಪರಿಣಾಮದ ಕುರಿತು 1928ರ ಮಾರ್ಚ್ 16ರಂದು ವಿಜ್ಞಾನಿಗಳ ಸಭೆಯ ಮುಂದೆ ಮಾತನಾಡಿದ್ದು ಇಲ್ಲಿಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಎರಡು ಆಧಾರ ಸ್ತಂಭಗಳಲ್ಲಿ ಒಂದು ಮೈಸೂರಿನ ಮಹಾರಾಜ ಕಾಲೇಜಾದರೆ ಇನ್ನೊಂದು ಇದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಕಾಲೇಜು ಅದರ ತಿರುಳಾಯಿತು. ಮುಂದಿನ ದಶಕದಲ್ಲಿ ನಗರದ ಪಶ್ಚಿಮದಂಚಿನ ಜ್ಞಾನಭಾರತಿ ಆವರಣ ರೂಪುಗೊಂಡು ಸ್ನಾತಕೋತ್ತರ ವಿಭಾಗಗಳು ಒಂದೊಂದಾಗಿ ಅತ್ತ ಸರಿದವು. ವಿಭಾಗಗಳ ಜೊತೆಗೆ ಪ್ರಾಧ್ಯಾಪಕರೂ ಸರಿದರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ವಿಭಜಿಸಿದಾಗ ಹಳೆಯ ಆವರಣ ಮತ್ತೊಂದು ಹೊಸ ವಿಶ್ವವಿದ್ಯಾಲಯದ ಕೇಂದ್ರವಾಯಿತು. ಒಂದು ಕಾಲಕ್ಕೆ ದಕ್ಷಿಣ ಭಾರತದ ವಿಜ್ಞಾನ ಬೋಧನೆಯಲ್ಲಿ ಎದ್ದು ನಿಂತಿದ್ದ ಕಾಲೇಜು ಇಂದಿನ ಪಿಯುಸಿ ವಿದ್ಯಾರ್ಥಿಗೆ ಬಹುಶಃ ಮೆಟ್ರೊ ನಿಲ್ದಾಣದ ಹೆಸರಾಗಿಯಷ್ಟೇ ಗೊತ್ತು. ಯಾವ ಹಗರಣವೂ ಇಲ್ಲದೆ, ಯಾವ ಪಟ್ಟಿಯಿಂದಲೂ ಬೀಳದೆ, ಕೇವಲ ಆಡಳಿತಾತ್ಮಕ ತೀರ್ಮಾನಗಳ ಮೂಲಕ ಅದರ ಹೆಸರು ಕರಗಿತು. ಇದು ಆಗಬಾರದಾಗಿತ್ತು ಎಂದು ನಾನು ನಂಬುತ್ತೇನೆ: ಹೊಸ ಆವರಣ ಬೇಕಿತ್ತು, ಆದರೆ ಪದವಿ ಮಟ್ಟದ ಒಂದು ಬಲವಾದ ಸಾರ್ವಜನಿಕ ಕಾಲೇಜನ್ನು ನಗರದ ನಡುವೆ ಉಳಿಸಿಕೊಳ್ಳುವುದೂ ಬೇಕಿತ್ತು.

ಕೆ.ಆರ್. ವೃತ್ತದ ಯುವಿಸಿಇಯ ಕಥೆ ಇದಕ್ಕಿಂತ ಸ್ವಲ್ಪ ಭಿನ್ನ. 1917ರಲ್ಲಿ ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಈ ಎಂಜಿನಿಯರಿಂಗ್ ಕಾಲೇಜು ನಗರದ ಸಾರ್ವಜನಿಕ ಉದ್ಯಮಗಳ ಜೊತೆಜೊತೆಗೇ ಬೆಳೆಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಎಂಜಿನಿಯರುಗಳಿಗೆ ಊರಿನಲ್ಲೇ ಗೌರವದ ಕೆಲಸ, ಕಾಲೇಜಿಗೆ ಅದರಿಂದ ಇನ್ನಷ್ಟು ಹೆಸರು. ಬೆಂಗಳೂರು ವಿಶ್ವವಿದ್ಯಾಲಯದ ಒಂದು ಘಟಕವಾಗಿ ಕಳೆದ ದಶಕಗಳಲ್ಲಿ ಖಾಲಿ ಹುದ್ದೆಗಳು, ಹಳೆಯ ಕಟ್ಟಡಗಳು, ಪ್ರತಿಯೊಂದು ತೀರ್ಮಾನಕ್ಕೂ ವಿಶ್ವವಿದ್ಯಾಲಯದ ಒಪ್ಪಿಗೆಗಾಗಿ ಕಾಯುವ ಸ್ಥಿತಿ ಅದನ್ನು ಬಾಧಿಸಿದವು. ಆದರೂ ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದವರು ಅದನ್ನು ಆಯ್ದುಕೊಳ್ಳುವುದು ನಿಲ್ಲಲಿಲ್ಲ. ಸರ್ಕಾರಿ ಶುಲ್ಕ, ನಗರದ ಮಧ್ಯಭಾಗ, ಹಳೆಯ ವಿದ್ಯಾರ್ಥಿಗಳ ದೊಡ್ಡ ಬಳಗ ಇವುಗಳ ಜೊತೆಗೆ ತಂದೆ ತಾಯಿಯ ನೆನಪಿನಲ್ಲಿದ್ದ ಹೆಸರೂ ಅದಕ್ಕೆ ಕಾರಣ. ಸಂಸ್ಥೆಗೆ ಐಐಟಿಗಳ ಮಾದರಿಯ ಸ್ವಾಯತ್ತತೆ ಕೊಡುವ ಪ್ರತ್ಯೇಕ ಕಾಯ್ದೆಯನ್ನು ರಾಜ್ಯ ಸರ್ಕಾರ 2021ರಲ್ಲಿ ತಂದಿತು. ಆ ಕಾಯ್ದೆಯ ಯಶಸ್ಸನ್ನು ಅಳೆಯಬೇಕಾದದ್ದು ಎಷ್ಟು ಕಾಯಂ ಬೋಧಕರ ನೇಮಕವಾಯಿತು ಎಂಬುದರಿಂದ. ಫಲಿತಾಂಶ ಮುಂದಿನ ವರ್ಷದ ಪಟ್ಟಿಯಲ್ಲಿ ಕಾಣಿಸಬೇಕೆಂದು ನಿರೀಕ್ಷಿಸುವುದು ತಪ್ಪು.

ಎನ್‌ಐಆರ್‌ಎಫ್ ಬಂದದ್ದು 2015ರ ಸೆಪ್ಟೆಂಬರಿನಲ್ಲಿ, ಅದರ ಮೊದಲ ಪಟ್ಟಿ 2016ರಲ್ಲಿ. ಬೆಂಗಳೂರಿಗೆ ಮಾತ್ರ ಅದಕ್ಕೂ ಎರಡು ದಶಕ ಮೊದಲೇ ಒಂದು ಶ್ರೇಯಾಂಕವಿತ್ತು; ಅದನ್ನು ಯಾವ ಸಂಸ್ಥೆಯೂ ಪ್ರಕಟಿಸುತ್ತಿರಲಿಲ್ಲ, ವಿದ್ಯಾರ್ಥಿಗಳೇ ಬರೆಯುತ್ತಿದ್ದರು. ವೃತ್ತಿಪರ ಕಾಲೇಜುಗಳ ವಂತಿಗೆ ಹಾವಳಿಯ ವಿರುದ್ಧ 1984ರಲ್ಲಿ ರಾಜ್ಯದ ಕಾಯ್ದೆ, ಆ ಬಳಿಕ ಮೋಹಿನಿ ಜೈನ್ ಮತ್ತು ಉನ್ನಿಕೃಷ್ಣನ್ ಪ್ರಕರಣಗಳಲ್ಲಿ 1992 ಹಾಗೂ 1993ರ ಸುಪ್ರೀಂ ಕೋರ್ಟ್ ತೀರ್ಪುಗಳು ಬಂದವು. ಅವುಗಳ ಬೆನ್ನಿಗೇ, 1994ರಿಂದ, ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಹಂಚಿಕೆ ಆರಂಭವಾಯಿತು. ಒಂದು ಕಾಲೇಜಿನ ಒಂದು ಕೋರ್ಸಿಗೆ ಕೊನೆಯ ಸೀಟು ಎಷ್ಟನೇ ರ್‍ಯಾಂಕಿಗೆ ಹೋಯಿತು ಎಂಬ ಅಂಕಿ ಎಲ್ಲರಿಗೂ ಸಿಗುವಂತಾಯಿತು. ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಮನೆಮನೆಯಲ್ಲೂ ಹರಡಿಕೊಂಡು ಕೂರುವುದು ಇಂದಿಗೂ ಈ ಕಟ್ ಆಫ್ ಪಟ್ಟಿಯನ್ನೇ.

ಈ ಅಂಕಿಯ ಸ್ವಭಾವವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಕಳೆದ ವರ್ಷ ಯಾವ ಕಾಲೇಜಿನ ಸೀಟು ಮೊದಲು ಮುಗಿಯಿತೋ ಅದನ್ನು ಈ ವರ್ಷದ ವಿದ್ಯಾರ್ಥಿ ಮೇಲಿನ ಆಯ್ಕೆಯಾಗಿ ಬರೆಯುತ್ತಾನೆ. ಅವನಂಥ ಸಾವಿರಾರು ಮಂದಿ ಹಾಗೆಯೇ ಬರೆದಾಗ ಈ ವರ್ಷವೂ ಅದೇ ಕಾಲೇಜಿನ ಸೀಟು ಮೊದಲು ಮುಗಿಯುತ್ತದೆ. ಮೇಲಿನ ರ್‍ಯಾಂಕಿನ ವಿದ್ಯಾರ್ಥಿಗಳೇ ಸೇರಿದ್ದರಿಂದ ನಾಲ್ಕು ವರ್ಷಗಳ ನಂತರ ಅಲ್ಲಿಗೇ ಹೆಚ್ಚಿನ ಕಂಪನಿಗಳು ಪ್ಲೇಸ್‌ಮೆಂಟಿಗೆ ಬರುತ್ತವೆ. ಅದನ್ನು ನೋಡಿ ಮುಂದಿನವರು ಮತ್ತೆ ಅದನ್ನೇ ಬರೆಯುತ್ತಾರೆ. ಈ ಸುತ್ತಿನಲ್ಲಿ ಕಾಲೇಜು ಕಲಿಸಿದ್ದೆಷ್ಟು, ವಿದ್ಯಾರ್ಥಿ ಬರುವಾಗಲೇ ತಂದದ್ದೆಷ್ಟು ಎಂದು ಬಿಡಿಸಿ ನೋಡಲು ಅವಕಾಶವೇ ಇಲ್ಲ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾಗಿ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಬಂದಾಗ ಅವುಗಳಿಗೆಲ್ಲ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ ಬಂತು. ಆಗಲೂ ಕಾಲೇಜುಗಳ ನಡುವಿನ ಅಂತರ ಕುಗ್ಗಲಿಲ್ಲ ಎಂಬುದೇ, ಹೆಸರಿನ ಮೂಲ ಪಠ್ಯಕ್ರಮದಲ್ಲಿಲ್ಲ ಎಂಬುದಕ್ಕೆ ಸಾಕಷ್ಟು ಪುರಾವೆ. ಮುಂದೆ ದೊಡ್ಡ ಕಾಲೇಜುಗಳು ಸ್ವಾಯತ್ತವಾಗಿ ತಮ್ಮದೇ ಪಠ್ಯಕ್ರಮ ರೂಪಿಸಿಕೊಂಡ ಮೇಲೆ ಅಂತರ ಇನ್ನಷ್ಟು ಗಟ್ಟಿಯಾಯಿತು.

ಈ ಸುತ್ತು ಅಪರೂಪಕ್ಕೆ ಕದಲುತ್ತದೆ; ಕದಲಿಸುವುದು ಸಾಮಾನ್ಯವಾಗಿ ಹೊರಗಿನ ಬಲ. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬಸವನಗುಡಿಯಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜು ತೆರೆದಾಗ, 1962 ಮತ್ತು 1963ರಲ್ಲಿ ರಾಮಯ್ಯ ಹಾಗೂ ಆರ್‌ವಿ ಕಾಲೇಜುಗಳು ಬಂದಾಗ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳೇ ಪ್ರತಿಷ್ಠೆಯವು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ನಗರಕ್ಕೆ ಬಂದ ನಂತರದ ಸಾಫ್ಟ್‌ವೇರ್ ಅಲೆ ಆ ಕ್ರಮವನ್ನು ಬುಡಮೇಲು ಮಾಡಿತು. ಕಂಪ್ಯೂಟರ್ ಸೈನ್ಸ್ ಸೀಟುಗಳ ಮೇಲೆ ಕಾಲೇಜಿನ ಹೆಸರು ನಿಲ್ಲತೊಡಗಿತು. ಅಂಥ ಕಾಲದಲ್ಲಿ, 1988ರಲ್ಲಿ, ಹುಟ್ಟಿದ ಪಿಇಎಸ್ ಒಂದೇ ತಲೆಮಾರಿನಲ್ಲಿ ಹಳೆಯ ಕಾಲೇಜುಗಳ ಸಾಲಿಗೆ ಬಂದು ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಹೊಸ ಸಂಸ್ಥೆ ಬೇಗ ಹೆಸರು ಮಾಡುವ ಇನ್ನೊಂದು ದಾರಿ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯದು, ಮತ್ತು ಅದು ನನಗೆ ಹೆಚ್ಚು ಅನುಕರಣೀಯವಾಗಿ ಕಾಣುತ್ತದೆ. ಪದವಿಯ ನಂತರ ಸಂಜೆ ಕಾಲೇಜಿನಲ್ಲಿ ಓದುವ ವಿಷಯ ಎಂದು ಕಾನೂನನ್ನು ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡ ಸೇರಿತು. ಪಿಯುಸಿ ಮುಗಿಸಿದವರಿಗೆ ಐದು ವರ್ಷಗಳ ಸಮಗ್ರ ಕೋರ್ಸು, ಇಡೀ ದೇಶಕ್ಕೆ ತೆರೆದ ಪ್ರವೇಶ ಪರೀಕ್ಷೆ, ಚಿಕ್ಕ ತರಗತಿ, ಪ್ರತಿ ಅವಧಿಯಲ್ಲೂ ಬರೆಯಬೇಕಾದ ಸಂಶೋಧನಾ ಪ್ರಬಂಧ: ಬೋಧನೆಯ ಕ್ರಮವನ್ನೇ ಹೊಸದಾಗಿ ಕಟ್ಟಲಾಯಿತು. ಎನ್‌ಐಆರ್‌ಎಫ್ ಕಾನೂನಿಗೆ ಪ್ರತ್ಯೇಕ ವಿಭಾಗ ತೆರೆದದ್ದು 2018ರಲ್ಲಿ. ಅಂದಿನಿಂದ ಆ ವಿಭಾಗದ ಮೊದಲ ಸ್ಥಾನ ಈ ಶಾಲೆಯದೇ. ಆದರೆ ವಕೀಲರಿಗೂ ವಿದ್ಯಾರ್ಥಿಗಳಿಗೂ ಆ ವಿಷಯ ಅದಕ್ಕೆ ಎಷ್ಟೋ ವರ್ಷ ಮೊದಲೇ ತಿಳಿದಿತ್ತು.

ಇನ್ನು ಎನ್‌ಐಆರ್‌ಎಫ್‌ನ ಒಳಗೆ ಇಳಿದು ನೋಡೋಣ. ಎಂಜಿನಿಯರಿಂಗ್ ಮತ್ತು ವಿಶ್ವವಿದ್ಯಾಲಯ ವಿಭಾಗಗಳಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವಿಯ ಫಲಿತಾಂಶಕ್ಕೆ ಶೇ 20, ಎಲ್ಲ ವರ್ಗಗಳ ಒಳಗೊಳ್ಳುವಿಕೆಗೆ ಶೇ 10, ಅಭಿಪ್ರಾಯ ಸಮೀಕ್ಷೆಗೆ ಶೇ 10ರಷ್ಟು ತೂಕವಿದೆ. ಪದವಿ ಬೋಧನೆಯೇ ಮುಖ್ಯ ಕೆಲಸವಾಗಿರುವ ಕಾಲೇಜು ಸಂಶೋಧನೆಯ ಶೇ 30ರಲ್ಲಿ ಹಿಂದುಳಿಯುವುದು ಸಹಜ. ಹೀಗಾಗಿಯೇ ಸಿಇಟಿಯಲ್ಲಿ ಸೀಟಿಗೆ ಪೈಪೋಟಿ ನಡೆಯುವ ಆರ್‌ವಿ, ರಾಮಯ್ಯ, ಬಿಎಂಎಸ್ ಕಾಲೇಜುಗಳು 2024ರ ಎಂಜಿನಿಯರಿಂಗ್ ಪಟ್ಟಿಯ ಮೊದಲ 50ರೊಳಗೆ ಇರಲಿಲ್ಲ, ವೆಲ್ಲೂರಿನ ವಿಐಟಿ 11ನೇ ಸ್ಥಾನದಲ್ಲಿತ್ತು. ಇದರಲ್ಲಿ ಯಾವುದು ಸುಳ್ಳು ಎಂದು ಕೇಳುವುದಕ್ಕಿಂತ, ಎರಡು ಅಳತೆಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿವೆ ಎಂದು ಅರಿಯುವುದು ಮೇಲು. ಸಂಶೋಧನೆಯ ಪ್ರಮಾಣ ಒಂದು ಪ್ರಶ್ನೆ. ಹದಿನೆಂಟರ ವಿದ್ಯಾರ್ಥಿ ಎಲ್ಲಿ ಓದಬಯಸುತ್ತಾನೆ ಎಂಬುದು ಇನ್ನೊಂದು.

ಸ್ಥಾನ ಬದಲಾಗಲು ಕಾಲೇಜು ಬದಲಾಗಬೇಕೆಂದೂ ಇಲ್ಲ. 2016ರಲ್ಲಿ ಎನ್‌ಐಆರ್‌ಎಫ್‌ಗೆ ಮಾಹಿತಿ ಸಲ್ಲಿಸಿದ ಸಂಸ್ಥೆಗಳು 2,426. 2024ರ ವೇಳೆಗೆ ಅವು 6,517 ಆದವು. ಪೈಪೋಟಿಗೆ ಹೊಸಬರು ಸೇರಿದಂತೆ, ನಿಂತಲ್ಲೇ ನಿಂತವರು ಕೆಳಗಿಳಿಯುತ್ತಾರೆ. ವಿಭಾಗಾಂತರವೂ ಇದೆ. 1882ರಲ್ಲಿ ಆರಂಭವಾದ ಸೇಂಟ್ ಜೋಸೆಫ್ಸ್ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1969ರ ಕ್ರೈಸ್ಟ್ ಕಾಲೇಜು 2008ರಲ್ಲೇ ಡೀಮ್ಡ್ ವಿಶ್ವವಿದ್ಯಾಲಯವಾಗಿತ್ತು. ಹೀಗೆ ಬಡ್ತಿ ಪಡೆದ ಸಂಸ್ಥೆ ಕಾಲೇಜುಗಳ ಪಟ್ಟಿಯಿಂದ ಹೊರಬಿದ್ದು, ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳ ಪಕ್ಕದಲ್ಲಿ ಅಳೆಯಲ್ಪಡುತ್ತದೆ. ತರಗತಿಯ ಕೋಣೆಗಳು, ಬಹುತೇಕ ಬೋಧಕರು ಮೊದಲಿನವರೇ ಆಗಿರುತ್ತಾರೆ. ಕೇಂದ್ರ ಶಿಕ್ಷಣ ಸಚಿವಾಲಯದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ; ಅಲ್ಲಿನ ಸಂಖ್ಯೆ 1,106. ಅಷ್ಟಿದ್ದರೂ ಎನ್‌ಐಆರ್‌ಎಫ್ ಕಾಲೇಜು ವಿಭಾಗದ ಮೊದಲ ನೂರರಲ್ಲಿ ದೆಹಲಿ, ತಮಿಳುನಾಡುಗಳದ್ದೇ ಸಿಂಹಪಾಲು, ನಮ್ಮ ನಗರದ ಹೆಸರುಗಳು ಬೆರಳೆಣಿಕೆಯಷ್ಟು. ಇದಕ್ಕೆ ವಿಭಾಗಾಂತರ ಒಂದು ಭಾಗದ ವಿವರಣೆ ಮಾತ್ರ. ದೆಹಲಿಯ ಹೆಸರಾಂತ ಕಾಲೇಜುಗಳು ಕೇಂದ್ರೀಯ ವಿಶ್ವವಿದ್ಯಾಲಯದ ಅಂಗಗಳಾಗಿ ಕಾಯಂ ಬೋಧಕರ ದೊಡ್ಡ ಬಳಗ ಹೊಂದಿದ್ದರೆ, ನಮ್ಮ ಸಾವಿರಕ್ಕೂ ಮಿಕ್ಕಿದ ಕಾಲೇಜುಗಳಲ್ಲಿ ಹೆಚ್ಚಿನವು ಚಿಕ್ಕ, ಸಂಯೋಜಿತ, ಖಾಸಗಿ ಕಾಲೇಜುಗಳು. ಅನುದಾನರಹಿತ ಕಾಲೇಜಿನ ಅಧ್ಯಾಪಕರು ಉತ್ತಮ ಸಂಬಳ ಸಿಕ್ಕೊಡನೆ ಬೇರೆಡೆಗೆ ಹೋಗುವುದನ್ನು ಯಾರೂ ಆಕ್ಷೇಪಿಸಲಾಗದು. ಆದರೆ ಅದರ ಬೆಲೆ ತೆರುವವರು ವಿದ್ಯಾರ್ಥಿಗಳು.

ಅಳತೆ ಬಂದ ಮೇಲೆ ಅಳತೆಗೆ ತಕ್ಕಂತೆ ನಡೆಯುವ ಪ್ರವೃತ್ತಿಯೂ ಬಂತು. ಸಂಶೋಧನಾ ಲೇಖನಗಳಿಗೆ ಅಂಕವಿದೆ ಎಂದಾದಾಗ ವಾರಕ್ಕೆ ಹದಿನಾರು ಹದಿನೆಂಟು ತಾಸು ಪಾಠ ಮಾಡುವ ಅಧ್ಯಾಪಕರಿಗೂ ವರ್ಷಕ್ಕೆ ಇಷ್ಟು ಲೇಖನ ಎಂಬ ಗುರಿ ನಿಗದಿಯಾಯಿತು. ಇದರ ಪರಿಣಾಮ ಎಷ್ಟು ಕೆಟ್ಟದಾಯಿತೆಂದರೆ, ಪ್ರಕಟವಾದ ಮೇಲೆ ದೋಷದ ಕಾರಣಕ್ಕೆ ಹಿಂಪಡೆಯಲಾದ ಲೇಖನಗಳಿಗೆ 2025ರ ಆವೃತ್ತಿಯಿಂದ ಋಣಾತ್ಮಕ ಅಂಕ ಕೊಡುವ ತೀರ್ಮಾನಕ್ಕೆ ಎನ್‌ಐಆರ್‌ಎಫ್ ಬರಬೇಕಾಯಿತು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಪರಿಶೀಲಿಸುವ ನ್ಯಾಕ್ ಮಂಡಳಿಯ ಮಾನ್ಯತೆಯೂ ಇಂಥ ಒತ್ತಡಕ್ಕೆ ಹೊರತಾಗಿಲ್ಲ. 1994ರಲ್ಲಿ ಸ್ಥಾಪನೆಯಾದ, ನಮ್ಮದೇ ನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಮಂಡಳಿಯ ಪರಿಶೀಲನಾ ತಂಡವೊಂದರ ಸದಸ್ಯರನ್ನು, ಆಂಧ್ರಪ್ರದೇಶದ ಒಂದು ಸಂಸ್ಥೆಗೆ ಉನ್ನತ ಶ್ರೇಣಿ ನೀಡಲು ಲಂಚ ಪಡೆದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಸಿಬಿಐ ಬಂಧಿಸಿತು. ಅಮೆರಿಕದಲ್ಲೂ ಸ್ಥಿತಿ ಭಿನ್ನವಲ್ಲ: ಕೊಲಂಬಿಯಾ ವಿಶ್ವವಿದ್ಯಾಲಯ ಒದಗಿಸಿದ ಅಂಕಿ ಅಂಶಗಳು ಸರಿಯಿಲ್ಲವೆಂದು ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡ್ಡಿಯಸ್ 2022ರಲ್ಲಿ ತೋರಿಸಿದರು, ಯುಎಸ್ ನ್ಯೂಸ್ ಪಟ್ಟಿಯಲ್ಲಿ ಅದು 2ನೇ ಸ್ಥಾನದಿಂದ 18ಕ್ಕೆ ಇಳಿಯಿತು. ಪಟ್ಟಿಗಳು ಹೆಚ್ಚಾಗಿ ಸಂಸ್ಥೆಗಳು ತಾವೇ ಕೊಡುವ ಮಾಹಿತಿಯ ಮೇಲೆ ನಿಂತಿವೆ ಎಂಬುದನ್ನು ಮರೆಯುವಂತಿಲ್ಲ.

ಈ ಎಲ್ಲ ಪಟ್ಟಿಗಳಲ್ಲೂ ಬಹುಮಟ್ಟಿಗೆ ಕಾಣಿಸದೆ ಹೋಗುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ರಾಜ್ಯದಲ್ಲಿ ಅವು ನಾನೂರಕ್ಕೂ ಹೆಚ್ಚಿವೆ. ಅವುಗಳ ಪಾಠದ ಬಹುಭಾಗವನ್ನು ಹೊತ್ತಿರುವವರು ವರ್ಷದಿಂದ ವರ್ಷಕ್ಕೆ ಮರುನೇಮಕಕ್ಕಾಗಿ ಕಾಯುವ ಸಾವಿರಾರು ಅತಿಥಿ ಉಪನ್ಯಾಸಕರು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ, ಬೆಳಗ್ಗೆ ತರಗತಿ ಮುಗಿಸಿ ಮಧ್ಯಾಹ್ನ ಅಂಗಡಿಯಲ್ಲಿ ದುಡಿಯುವ ಹುಡುಗಿಯನ್ನು ಅಂಥ ಒಂದು ಕಾಲೇಜು ಬಿ.ಕಾಂ. ಮುಗಿಸಿಸಿ ಸರ್ಕಾರಿ ನೌಕರಿಗೋ ಬ್ಯಾಂಕಿಗೋ ತಲುಪಿಸಿದರೆ, ಆ ಕಾಲೇಜು ಮಾಡಿದ ಕೆಲಸ ತೊಂಬತ್ತೆಂಟು ಶೇಕಡ ಪಡೆದವರನ್ನೇ ಸೇರಿಸಿಕೊಂಡು ಅವರಿಗೆ ಕೆಲಸ ಕೊಡಿಸಿದ ಕಾಲೇಜಿನ ಕೆಲಸಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ, ನನ್ನ ಎಣಿಕೆಯಲ್ಲಿ ಹೆಚ್ಚು. ವಿದ್ಯಾರ್ಥಿ ಎಲ್ಲಿಂದ ಬಂದ, ಎಲ್ಲಿಗೆ ತಲುಪಿದ ಎಂಬ ಅಂತರವನ್ನು ಅಳೆಯಲು ಪಿಯುಸಿ ಅಂಕಗಳಿಂದ ಪದವಿಯ ನಂತರದ ಉದ್ಯೋಗದವರೆಗಿನ ಮಾಹಿತಿಯನ್ನು ಜೋಡಿಸಬೇಕು. ರಾಜ್ಯ ಸರ್ಕಾರದ ಬಳಿ ಇದರ ದೊಡ್ಡ ಭಾಗ ಈಗಾಗಲೇ ಇದೆ. ಅದನ್ನು ಹೆಸರುಗಳಿಲ್ಲದೆ, ಕಾಲೇಜುವಾರು ಪ್ರಕಟಿಸಿದರೆ ಸಾರ್ವಜನಿಕ ಕಾಲೇಜುಗಳಿಗೆ ನ್ಯಾಯ ಸಿಕ್ಕೀತು; ನೇಮಕಾತಿಯ ಬೇಡಿಕೆಗೂ ಬಲ ಬಂದೀತು.

ಅಲ್ಲಿಯವರೆಗೆ ಪೋಷಕರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಮಾಹಿತಿಯನ್ನು ಪ್ರತಿ ಸಂಸ್ಥೆಯೂ ತನ್ನ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಹಾಕಬೇಕು. ಸ್ಥಾನಕ್ಕಿಂತ ಅದನ್ನು ಓದುವುದು ಹೆಚ್ಚು ಉಪಯುಕ್ತ. ಮಂಜೂರಾದ ಸೀಟುಗಳೆಷ್ಟು, ಕೋರ್ಸನ್ನು ನಿಗದಿತ ಅವಧಿಯಲ್ಲಿ ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರೆಷ್ಟು ಎಂಬುದು ಅಲ್ಲಿರುತ್ತದೆ. ಹೋರ್ಡಿಂಗಿನಲ್ಲಿ ಮಿಂಚುವ ಗರಿಷ್ಠ ಪ್ಯಾಕೇಜಿನ ಬದಲು ಅಲ್ಲಿ ಸಿಗುವುದು ಮಧ್ಯಾಂಕ ಸಂಬಳ, ಅಂದರೆ ಕೆಲಸ ಸಿಕ್ಕವರನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಸಂಬಳ; ಅದು ಕೆಲಸ ಸಿಕ್ಕವರಿಗಷ್ಟೇ ಸಂಬಂಧಿಸಿದ್ದು ಎಂಬುದನ್ನು ನೆನಪಿಟ್ಟು, ತೇರ್ಗಡೆಯಾದವರ ಒಟ್ಟು ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ವರ್ಷದ ಕಡತ ಸಾಲದು, ಮೂರು ನಾಲ್ಕು ವರ್ಷಗಳದ್ದನ್ನು ಹೋಲಿಸಬೇಕು. ಬೋಧಕರ ಪಟ್ಟಿಯೂ ಅದೇ ಕಡತದಲ್ಲಿದೆ. ಪ್ರತಿಯೊಬ್ಬರ ವಿದ್ಯಾರ್ಹತೆ, ಅನುಭವ, ಕೆಲಸಕ್ಕೆ ಸೇರಿದ ದಿನಾಂಕ, ನೇಮಕ ಕಾಯಂ ಸ್ವರೂಪದ್ದೇ ಅಲ್ಲವೇ ಎಂಬ ವಿವರಗಳೊಂದಿಗೆ. ಸೇರಬಯಸುವ ವಿಭಾಗದಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದವರು ಎಷ್ಟು ಮಂದಿ, ಕಳೆದ ಜುಲೈನಲ್ಲಷ್ಟೇ ಸೇರಿದವರು ಎಷ್ಟು ಮಂದಿ ಎಂದು ಆ ದಿನಾಂಕಗಳನ್ನು ನೋಡಿ ಎಣಿಸಲು ಅರ್ಧ ಗಂಟೆ ಸಾಕು. ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಮಾಡಿ ಮುಗಿಸಬೇಕಾದ ಕೆಲಸ ಇದು.